85 ಸೆಂ.ಮೀ. ಟಾರ್ಸೊ ಮಾಡೆಲ್: ಶಾಲೆಯ ಲ್ಯಾಬ್‌ಗೆ ಕೊಳ್ಳುವ ಮುನ್ನ ಏನೇನು ನೋಡಬೇಕು

ಜೀವಶಾಸ್ತ್ರದ ಲ್ಯಾಬ್‌ಗೆ ಒಂದೇ ಒಂದು ಮಾಡೆಲ್ ಕೊಳ್ಳುವಷ್ಟು ದುಡ್ಡಿದ್ದರೆ ಅದು 85 ಸೆಂ.ಮೀ. ಎತ್ತರದ ಟಾರ್ಸೊ ಆಗಿರಲಿ. ತಲೆಯಿಂದ ಸೊಂಟದ ಕೆಳಗಿನವರೆಗಿನ ಈ ದೇಹದಲ್ಲಿ ಎದೆ, ಹೊಟ್ಟೆಯ ಮುಚ್ಚಳ ತೆಗೆದರೆ ಒಳಗಿನ ಅಂಗಗಳನ್ನು ಒಂದೊಂದಾಗಿ ಬಿಚ್ಚಿ ಕೈಯಲ್ಲಿ ಹಿಡಿಯಬಹುದು. 45 ಸೆಂ.ಮೀ. ಆಸುಪಾಸಿನ ಚಿಕ್ಕದು ಅಗ್ಗಕ್ಕೆ ಸಿಗುತ್ತದೆ ನಿಜ. ಆದರೆ ಅದರ ಹೃದಯದ ಕವಾಟ ಹಿಂದಿನ ಬೆಂಚಿನವರಿಗಿರಲಿ, ಹಿಡಿದುಕೊಂಡವರಿಗೇ ಸರಿಯಾಗಿ ಕಾಣುವುದಿಲ್ಲ. ದೊಡ್ಡದರಲ್ಲಿ ಅಂಗಗಳು ಹೆಚ್ಚುಕಡಿಮೆ ನಿಜವಾದ ಗಾತ್ರದಲ್ಲೇ ಇರುತ್ತವೆ.

ಒಂದೇ ಎತ್ತರದ, ಫೋಟೊದಲ್ಲಿ ಒಂದೇ ಥರ ಕಾಣುವ ಮಾಡೆಲ್‌ಗಳ ನಡುವೆಯೂ ಅಜಗಜಾಂತರ ಇರುತ್ತದೆ. ಡಬ್ಬಿ ಬಿಚ್ಚಿಸಿ ನೋಡದೆ ದುಡ್ಡು ಕೊಡಬೇಡಿ.

ಮೊದಲು ಹೃದಯವನ್ನು ಕೈಗೆತ್ತಿಕೊಳ್ಳಿ. ಅದು ಎರಡು ಹೋಳಾಗಿ ತೆರೆಯಬೇಕು. ಒಳಗೆ ಎಡ ಹೃತ್ಕುಕ್ಷಿಯ (ಹೃದಯದ ಕೆಳಗಿನ ಕೋಣೆಯ) ಗೋಡೆ ಬಲಗಡೆಯದಕ್ಕಿಂತ ಸುಮಾರು ಮೂರು ಪಟ್ಟು ದಪ್ಪ ಇರಬೇಕು. ಬಲ ಹೃತ್ಕುಕ್ಷಿ ಪಕ್ಕದಲ್ಲೇ ಇರುವ ಶ್ವಾಸಕೋಶಕ್ಕೆ ರಕ್ತ ತಳ್ಳುತ್ತದೆ, ಅದಕ್ಕೆ 25 ಮಿ.ಮೀ. ಪಾದರಸದಷ್ಟು ಒತ್ತಡ ಸಾಕು. ಎಡಗಡೆಯದು ಇಡೀ ಮೈಗೆ ತಳ್ಳಬೇಕು, ಅದಕ್ಕೆ 120ರಷ್ಟು ಬೇಕು. ಕೆಲಸ ಹೆಚ್ಚಿದ್ದಲ್ಲಿ ಸ್ನಾಯು ದಪ್ಪ. ಎರಡೂ ಗೋಡೆಗಳು ಒಂದೇ ದಪ್ಪ ಇರುವ ಮಾಡೆಲ್ ಹಿಡಿದು ಈ ಮಾತನ್ನು ಹೇಗೆ ಅರ್ಥಮಾಡಿಸುವುದು? ಒಂದು ಬಡಿತಕ್ಕೆ 70 ಮಿ.ಲೀ., ನಿಮಿಷಕ್ಕೆ 72 ಬಡಿತ, ಅಂದರೆ ನಿಮಿಷಕ್ಕೆ ಸುಮಾರು 5 ಲೀಟರ್ ಎಂಬ ಲೆಕ್ಕವನ್ನು ಈ ಎಡ ಕೋಣೆ ತೋರಿಸುತ್ತಲೇ ಮಾಡಿಸಬಹುದು.

ಹೃದಯದಲ್ಲೇ ಇನ್ನೊಂದು ಪರೀಕ್ಷೆ ಇದೆ, ಅಗ್ಗದ ಮಾಲು ಸೋಲುವುದು ಇಲ್ಲೇ. ಶ್ವಾಸಕೋಶಕ್ಕೆ ಹೋಗುವ ಅಪಧಮನಿಗೆ ನೀಲಿ ಬಣ್ಣ, ಶ್ವಾಸಕೋಶದಿಂದ ಹಿಂದಿರುಗುವ ಅಭಿಧಮನಿಗಳಿಗೆ ಕೆಂಪು ಬಣ್ಣ ಇರಬೇಕು. ಬಣ್ಣ ಹಚ್ಚುವವರು ‘ಅಪಧಮನಿ ಎಂದರೆ ಕೆಂಪು’ ಎಂದುಕೊಂಡು ಎಲ್ಲದಕ್ಕೂ ಬಳಿದಿದ್ದರೆ ಆ ಮಾಡೆಲ್ ಬೇಡ. ಹೃದಯದಿಂದ ಹೊರಗೆ ಒಯ್ಯುವುದು ಅಪಧಮನಿ, ಹೃದಯಕ್ಕೆ ತರುವುದು ಅಭಿಧಮನಿ. ಬಣ್ಣ ಹೇಳುವುದು ಆಮ್ಲಜನಕದ ಕಥೆಯನ್ನು. ನೀಲಿ ಬರೀ ಗುರುತಿಗೆ, ಆಮ್ಲಜನಕ ಕಡಿಮೆಯಾದ ರಕ್ತವೂ ಕಡುಗೆಂಪೇ ಎಂದು ಕೂಡಲೇ ಹೇಳಿಬಿಡಿ. ಹೇಳದಿದ್ದರೆ ಮೈಯಲ್ಲಿ ನೀಲಿ ರಕ್ತ ಹರಿಯುತ್ತದೆಂದೇ ಮಕ್ಕಳು ನಂಬಿಕೊಳ್ಳುತ್ತಾರೆ.

ಉಳಿದದ್ದನ್ನು ಎರಡು ನಿಮಿಷದಲ್ಲಿ ನೋಡಬಹುದು. ಬಲ ಶ್ವಾಸಕೋಶಕ್ಕೆ ಮೂರು ಹಾಲೆ, ಎಡದ್ದಕ್ಕೆ ಎರಡು. ಬಲ ಮೂತ್ರಪಿಂಡ ಎಡದ್ದಕ್ಕಿಂತ ತುಸು ಕೆಳಗೆ, ಏಕೆಂದರೆ ಮೇಲೆ ಯಕೃತ್ತು ಕೂತಿದೆ. ಅಪೆಂಡಿಕ್ಸ್ ಬಲಗಡೆ ಕೆಳಗೆ. ಬಲ, ಎಡ ಎಂದರೆ ಮಾಡೆಲ್‌ನ ಬಲ, ಎಡ, ನೋಡುವವರದಲ್ಲ. ಶ್ವಾಸನಾಳದ ಕವಲು ಕಾಣುವಂತಿದ್ದರೆ ಬಲಗವಲು ಹೆಚ್ಚು ಅಗಲವಾಗಿ, ಹೆಚ್ಚು ನೇರವಾಗಿ ಇಳಿಯುತ್ತದೆಯೇ ಎಂದು ನೋಡಿ. ಪುಟ್ಟ ಮಕ್ಕಳ ಗಂಟಲಿಗೆ ಜಾರಿದ ಕಡಲೆಬೀಜ ಬಲ ಶ್ವಾಸಕೋಶಕ್ಕೇ ಹೆಚ್ಚಾಗಿ ಹೋಗುವುದು ಇದರಿಂದಲೇ.

ಈ ಮಾಡೆಲ್ ತನ್ನ ಬೆಲೆಯನ್ನು ಪೂರ್ತಿ ತೀರಿಸುವುದು ಜೀರ್ಣಾಂಗಗಳ ಪಾಠದಲ್ಲಿ. ಜಠರವನ್ನು ತೆಗೆದರೆ ಹಿಂದೆ ಅಡ್ಡಲಾಗಿ ಮಲಗಿರುವ ಮೇದೋಜೀರಕ ಗ್ರಂಥಿ ಕಾಣುತ್ತದೆ, ಅದರ ತಲೆಯನ್ನು ಬಳಸಿಕೊಂಡು ಸುಮಾರು 25 ಸೆಂ.ಮೀ. ಉದ್ದದ ಡ್ಯುಯೋಡಿನಮ್ (ಸಣ್ಣ ಕರುಳಿನ ಮೊದಲ ಭಾಗ) ತಿರುಗುತ್ತದೆ. ಪಿತ್ತನಾಳ ಮತ್ತು ಮೇದೋಜೀರಕ ನಾಳ ಎರಡೂ ಅಲ್ಲಿ ಒಂದೇ ಬಾಯಿಯಲ್ಲಿ ತೆರೆಯುವುದನ್ನು ಬೆರಳಿಟ್ಟು ತೋರಿಸಿ. ಪಿತ್ತಕೋಶದಿಂದ ಜಾರಿದ ಕಲ್ಲು ಆ ಬಾಯಲ್ಲಿ ಸಿಕ್ಕಿಕೊಂಡರೆ ಕಾಮಾಲೆಯ ಜೊತೆಗೆ ಮೇದೋಜೀರಕದ ಉರಿಯೂತವೂ ಬರಬಹುದು ಎಂಬುದು ಯಾವ ಚಾರ್ಟಿನಲ್ಲೂ ಇಷ್ಟು ಚೆನ್ನಾಗಿ ಅರ್ಥವಾಗುವುದಿಲ್ಲ.

ಕರುಳು ಮಾತ್ರ ಒಂದೇ ಅಚ್ಚಿನ ಗಟ್ಟಿ ತುಂಡು. ನೋಡಿದರೆ ಒಂದೆರಡು ಮೀಟರ್ ಇರಬಹುದು ಅನ್ನಿಸುತ್ತದೆ. ಸಣ್ಣ ಕರುಳು ಸುಮಾರು 6 ಮೀಟರ್, ದೊಡ್ಡ ಕರುಳು 1.5 ಮೀಟರ್. ಆ ಅಳತೆಯ ಎರಡು ಹಗ್ಗಗಳನ್ನು ಮಾಡೆಲ್ ಪಕ್ಕದಲ್ಲೇ ಇಟ್ಟುಕೊಳ್ಳಿ. ಕರುಳಿನ ರಕ್ತವನ್ನು ಯಕೃತ್ತಿಗೆ ಒಯ್ಯುವ ಪೋರ್ಟಲ್ ರಕ್ತನಾಳವನ್ನೂ ಬಹಳಷ್ಟು ಮಾಡೆಲ್‌ಗಳಲ್ಲಿ ತೋರಿಸಿರುವುದಿಲ್ಲ. ಇದು ಸಣ್ಣ ಕೊರತೆಯಲ್ಲ. ಹೀರಿಕೊಂಡ ಸಕ್ಕರೆ ನೇರ ಹೃದಯಕ್ಕೆ ಹೋಗದೆ ಮೊದಲು ಯಕೃತ್ತಿನಲ್ಲಿ ದಾಸ್ತಾನಾಗುವುದು ಈ ದಾರಿಯಿಂದ. ನೀಲಿ ಉಲ್ಲನ್ ದಾರವನ್ನು ಕರುಳಿನಿಂದ ಯಕೃತ್ತಿನ ಕೆಳಭಾಗಕ್ಕೆ ಟೇಪ್ ಹಾಕಿ ಅಂಟಿಸಿದರೆ ಕೊರತೆ ನೀಗುತ್ತದೆ.

ಉಸಿರಾಟ, ವಿಸರ್ಜನೆಯ ಪಾಠಕ್ಕೆ ಟಾರ್ಸೊ ಸಾಲದು. ಮೂತ್ರಪಿಂಡವನ್ನು ಸೀಳಿ ತೋರಿಸಿರುತ್ತಾರೆ, ಆದರೆ ಒಂದೊಂದರಲ್ಲೂ ಇರುವ ಸುಮಾರು 10 ಲಕ್ಷ ಸೋಸುವ ಸೂಕ್ಷ್ಮ ನಳಿಕೆಗಳಾದ ನೆಫ್ರಾನ್‌ಗಳಲ್ಲಿ ಒಂದೂ ಆ ಗಾತ್ರದಲ್ಲಿ ಕಾಣಲಾರದು. ದಿನಕ್ಕೆ 180 ಲೀಟರ್ ಸೋಸಿ, ಒಂದೂವರೆ ಲೀಟರಿನಷ್ಟು ಮಾತ್ರ ಹೊರಬಿಟ್ಟು ಉಳಿದದ್ದನ್ನೆಲ್ಲ ವಾಪಸ್ ಹೀರಿಕೊಳ್ಳುವ ಕೆಲಸ ತೋರಿಸಲು ನೆಫ್ರಾನ್ ಚಾರ್ಟ್ ಬೇರೆಯೇ ಬೇಕು. ಉಸಿರಾಟಕ್ಕೆ ತಳ ಕತ್ತರಿಸಿದ ಪ್ಲಾಸ್ಟಿಕ್ ಬಾಟಲಿ, ಕವಲು ಕೊಳವೆ, ಎರಡು ಬಲೂನು, ತಳಕ್ಕೆ ಬಿಗಿದ ಬಲೂನ್ ಹಾಳೆ ಸಾಕು. ಹಾಳೆ ಕೆಳಗೆಳೆದರೆ ಒಳಗಿನ ಒತ್ತಡ ಇಳಿದು ಬಲೂನು ಉಬ್ಬುತ್ತವೆ. ಉಬ್ಬದಿದ್ದರೆ ಮುಚ್ಚಳದ ತೂತಿನ ಸುತ್ತ ಗಾಳಿ ಸೋರುತ್ತಿದೆ ಎಂದರ್ಥ, ಅಲ್ಲಿ ಎಂ-ಸೀಲ್ ಮೆತ್ತಿ. ಈ ಹಾಳೆ ವಪೆಯ, ಅಂದರೆ ಎದೆ, ಹೊಟ್ಟೆಗಳ ನಡುವಿನ ಸ್ನಾಯುವಿನ ಪರದೆಯ ಬದಲಿಗೆ. ನಿಜವಾದ ವಪೆ ಚಪ್ಪಟೆ ಹಾಳೆಯಲ್ಲ, ಗುಮ್ಮಟ. ಕುಗ್ಗಿದಾಗ ಅದು ಚಪ್ಪಟೆಯಾಗುತ್ತದೆ ಎಂಬುದನ್ನು ಟಾರ್ಸೊದ ವಪೆ ತೋರಿಸಿ ಹೇಳಿ.

ಇನ್ನು ಬಾಳಿಕೆ. ಮೊದಲು ಮುರಿಯುವುದು ಅಂಗಗಳನ್ನು ಕೂಡಿಸುವ ಗೂಟಗಳು. ಪ್ಲಾಸ್ಟಿಕ್ ಗೂಟ ಬೇಡ, ಲೋಹದ ಪಿನ್ ಅಥವಾ ಮ್ಯಾಗ್ನೆಟ್ ಇರುವುದನ್ನೇ ಕೇಳಿ. ಸಾಮಾನ್ಯವಾಗಿ ಬಿಚ್ಚುವ ಕ್ರಮ ಹೀಗಿದೆ: ಮುಚ್ಚಳ, ಶ್ವಾಸಕೋಶ, ಹೃದಯ, ಯಕೃತ್ತು, ಜಠರ, ಕೊನೆಗೆ ಕರುಳು. ಜೋಡಿಸುವಾಗ ತದ್ವಿರುದ್ಧ. ಯಕೃತ್ತಿನ ಎಡ ಹಾಲೆ ಜಠರದ ಮೇಲೆ ಬರುವುದರಿಂದ, ಜಠರ ಕೂರಿಸುವ ಮೊದಲೇ ಯಕೃತ್ತು ಸಿಕ್ಕಿಸಿ ಆಮೇಲೆ ಒತ್ತಿದರೆ ಗೂಟ ಲಟಕ್ಕೆಂದು ಮುರಿಯುತ್ತದೆ. ಕ್ರಮವನ್ನು ಬರೆದು ಸ್ಟ್ಯಾಂಡಿಗೆ ಅಂಟಿಸಿಬಿಡಿ.

ಪ್ಲಾಸ್ಟರ್‌ನಲ್ಲಿ ಮಾಡಿದ ಮಾಡೆಲ್ ಮಲೆನಾಡು, ಕರಾವಳಿಯ ಮಳೆಗಾಲಕ್ಕೆ ಆಗಿಬರುವುದಿಲ್ಲ, ತೇವ ಹೀರಿ ಬಣ್ಣ ಹಪ್ಪಳದಂತೆ ಏಳುತ್ತದೆ. ಪಿವಿಸಿ ತಡೆಯುತ್ತದೆ, ಆದರೆ ಅದಕ್ಕೆ ಬಾಲ್‌ಪೆನ್ನಿನ ಶಾಯಿ ತಾಗಬಾರದು. ಒಳಕ್ಕೆ ಇಳಿದ ಶಾಯಿ ಮತ್ತೆ ಹೋಗುವುದಿಲ್ಲ. ಹಳೇ ಪೇಪರಿನಲ್ಲಿ ಸುತ್ತಿಟ್ಟರೂ ಅಕ್ಷರ ಅಚ್ಚೊತ್ತುತ್ತದೆ, ಬಟ್ಟೆಯಲ್ಲಿ ಸುತ್ತಿ. ಒರೆಸಲು ಸಾಬೂನು ನೀರು ಸಾಕು. ಸ್ಪಿರಿಟ್, ಥಿನ್ನರ್ ಹತ್ತಿರ ತರಬೇಡಿ, ಬಣ್ಣ ಬಟ್ಟೆಗೇ ಬರುತ್ತದೆ. ಬಿಸಿಲು ಬೀಳುವ ಕಿಟಕಿಯ ಪಕ್ಕದಲ್ಲಿಟ್ಟರೆ ಕೆಂಪು ಮೊದಲು ಮಾಸುತ್ತದೆ.

ಗಂಡು, ಹೆಣ್ಣು ಎರಡೂ ಜನನಾಂಗಗಳನ್ನು ಬದಲಿಸಿ ಕೂರಿಸುವ ಮಾಡೆಲ್ ಸಿಕ್ಕರೆ ತುಸು ಹೆಚ್ಚು ಕೊಟ್ಟಾದರೂ ಅದನ್ನೇ ತನ್ನಿ, ಸಂತಾನೋತ್ಪತ್ತಿಯ ಪಾಠಕ್ಕೆ ಇನ್ನೊಂದು ಖರ್ಚು ತಪ್ಪುತ್ತದೆ. ಅಂಗಗಳ ಮೇಲಿನ ನಂಬರುಗಳಿಗೆ ಹೊಂದುವ ಪಟ್ಟಿಯನ್ನು ಬಿಲ್ಲಿನ ಜೊತೆಗೇ ಕೇಳಿ ಪಡೆಯಿರಿ. ಅದು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತದೆ. ಕನ್ನಡ ಹೆಸರುಗಳನ್ನು ಪಕ್ಕದಲ್ಲಿ ಬರೆದು, ಲ್ಯಾಮಿನೇಟ್ ಮಾಡಿಸಿ, ಮಾಡೆಲ್ ಇರುವ ಕಪಾಟಿನಲ್ಲೇ ಇಡಿ.