ಐದು ವರ್ಷದ ಕಂಪ್ಯೂಟರಿಗೆ ಆರ್‌ಟಿಎಕ್ಸ್ 4060 ಗ್ರಾಫಿಕ್ಸ್ ಕಾರ್ಡ್: ಕೊಂಡು ಆರು ತಿಂಗಳಾದ ಮೇಲೆ

ಉತ್ತರಪತ್ರಿಕೆಗಳ ಕಟ್ಟು ಮುಗಿದು ಮಕ್ಕಳು ಮಲಗಿದ ಮೇಲೆ, ರಾತ್ರಿ ಹತ್ತರಿಂದ ಹನ್ನೊಂದೂವರೆಯವರೆಗೆ ನನ್ನ ಆಟದ ಸಮಯ. ತುಮಕೂರಿನ ಪ್ರೌಢಶಾಲೆಯ ಗಣಿತ ಮೇಷ್ಟ್ರು ನಲವತ್ತು ದಾಟಿದ ಮೇಲೂ ಕಂಪ್ಯೂಟರ್ ಆಟ ಆಡುತ್ತಾರೆಂದು ಸಹೋದ್ಯೋಗಿಗಳು ನಗುತ್ತಾರೆ. ಇಸ್ಪೀಟು ಆಡುವವರಿಗಿಂತ ನನ್ನ ಖರ್ಚು ಕಡಿಮೆ ಎಂದು ಬಹಳ ದಿನ ಸಮಾಧಾನ ಹೇಳಿಕೊಂಡಿದ್ದೆ. ಈಗ ಹಾಗೆ ಹೇಳಲು ಬಾಯಿ ಬರುವುದಿಲ್ಲ.

2019ರಲ್ಲಿ ಕಟ್ಟಿಸಿದ ಯಂತ್ರ ನನ್ನದು. ರೈಜೆನ್ 5 2600 ಪ್ರೊಸೆಸರ್, ಬಿ450 ಮದರ್‌ಬೋರ್ಡ್, 8 ಜಿಬಿ ರ್‍ಯಾಮಿನ ಒಂದೇ ಕಡ್ಡಿ, ಆಟದ ಚಿತ್ರ ಬಿಡಿಸಲು 4 ಜಿಬಿಯ ಜಿಟಿಎಕ್ಸ್ 1650 ಗ್ರಾಫಿಕ್ಸ್ ಕಾರ್ಡ್. ಸೈಬರ್‌ಪಂಕ್ 2077 ಆಟವನ್ನು ಎಲ್ಲ ಅಲಂಕಾರ ಕಳಚಿ ಆಡಿದರೂ ಆಟದೊಳಗಿನ ಮಾರುಕಟ್ಟೆಯ ಜನಜಂಗುಳಿಗೆ ಕಾಲಿಟ್ಟ ಕೂಡಲೇ ಚಿತ್ರ ತೊದಲುತ್ತಿತ್ತು. 2024ರ ಡಿಸೆಂಬರಿನಲ್ಲಿ ಬಂದ ಇಂಡಿಯಾನಾ ಜೋನ್ಸ್ ಆಟವಂತೂ ಬೆಳಕಿನ ಕಿರಣಗಳ ಜಾಡು ಲೆಕ್ಕ ಹಾಕಿ ಚಿತ್ರ ಬಿಡಿಸುವ ರೇ ಟ್ರೇಸಿಂಗ್ ಯಂತ್ರಾಂಗವಿಲ್ಲದ ಕಾರ್ಡನ್ನು ಬಾಗಿಲಲ್ಲೇ ತಡೆಯುತ್ತದೆ. ನನ್ನ 1650ರಲ್ಲಿ ಅದಿಲ್ಲ.

ಇಂಜಿನಿಯರಿಂಗ್ ಓದುವ ಅಕ್ಕನ ಮಗನನ್ನು ಕೇಳಿದೆ. "ಮಾಮ, ಮೊದಲು ಅಡಚಣೆ ಎಲ್ಲಿದೆ ನೋಡಿ. ಕಾರ್ಡ್ ಆಮೇಲೆ" ಎಂದ. ಅವನು ಹೇಳಿಕೊಟ್ಟ ಪರೀಕ್ಷೆಗೆ ಕಾಸಿನ ಖರ್ಚಿಲ್ಲ. ಆಟದ ರೆಸಲ್ಯೂಶನ್ ಅನ್ನು, ಅಂದರೆ ಚಿತ್ರದ ಚುಕ್ಕಿಸಾಲುಗಳನ್ನು, 1080ರಿಂದ 720ಕ್ಕೆ ಇಳಿಸುವುದು. ಸೆಕೆಂಡಿಗೆ ಮೂಡುವ ಚಿತ್ರಗಳ, ಅಂದರೆ ಫ್ರೇಮ್‌ಗಳ, ಸಂಖ್ಯೆ ಜಿಗಿದರೆ ಕಾರ್ಡ್ ಏದುಸಿರು ಬಿಡುತ್ತಿದೆ ಎಂದರ್ಥ. ಇದ್ದಲ್ಲೇ ಇದ್ದರೆ ಪ್ರೊಸೆಸರ್ ಸೋತಿದೆ. ಸೈಬರ್‌ಪಂಕ್‌ನಲ್ಲಿ 37 ಇದ್ದದ್ದು 56ಕ್ಕೆ ಹೋಯಿತು. ಭಾನುವಾರ ಅವನ ಜೊತೆ ಆಡುವ ಕೌಂಟರ್ ಸ್ಟ್ರೈಕ್ 2ರಲ್ಲಿ ಮಾತ್ರ ಹೆಚ್ಚು ಕಡಿಮೆ ಅಷ್ಟೇ ಉಳಿಯಿತು. ಅಂದರೆ ಅಲ್ಲಿ ನಾನು ಸೋಲುವುದಕ್ಕೆ ಹೊಸ ಕಾರ್ಡ್ ಪರಿಹಾರವಲ್ಲ. ಆ ಆಟವೊಂದನ್ನೇ ಆಡುವವರು ಇಲ್ಲಿಗೇ ಓದು ನಿಲ್ಲಿಸಿ ದುಡ್ಡು ಉಳಿಸಿಕೊಳ್ಳಬಹುದು.

ಕಾರ್ಡಿಗೆ ಮುಂಚೆ ಇನ್ನೊಂದು 8 ಜಿಬಿ ರ್‍ಯಾಮ್ ಕಡ್ಡಿ ಹಾಕಿದೆ. ಎರಡು ಸಾವಿರವೂ ಆಗಲಿಲ್ಲ. ಒಂಟಿ ಕಡ್ಡಿಯಿದ್ದಾಗ ಪ್ರೊಸೆಸರಿಗೂ ರ್‍ಯಾಮಿಗೂ ನಡುವೆ ಒಂದೇ ದಾರಿ, ಜೋಡಿಯಾದರೆ ಎರಡು. ಸರಾಸರಿ ಫ್ರೇಮ್ ಅಷ್ಟೇನೂ ಏರಲಿಲ್ಲ, ಆದರೆ ಗಕ್ಕನೆ 19ಕ್ಕೆ ಕುಸಿಯುತ್ತಿದ್ದದ್ದು 30ರ ಕೆಳಗೆ ಇಳಿಯುವುದನ್ನು ಬಿಟ್ಟಿತು. ಐದು ವರ್ಷ ಕಾರ್ಡನ್ನು ಬೈದದ್ದರಲ್ಲಿ ಅರ್ಧ ಬೈಗುಳ ಈ ಕಡ್ಡಿಗೆ ಸೇರಬೇಕಿತ್ತು.

2025ರ ಜನವರಿಯ ಒಂದು ಶನಿವಾರ ಬೆಳಗಿನ ಶಾಲೆ ಮುಗಿಸಿ ಬೆಂಗಳೂರಿನ ರೈಲು ಹತ್ತಿದೆ. ಕಂಪ್ಯೂಟರ್ ಬಿಡಿಭಾಗಗಳ ಪೇಟೆಯಾದ ಎಸ್‌.ಪಿ. ರಸ್ತೆಯಲ್ಲಿ ನಡೆಯುವುದೇ ಒಂದು ಆಟ. ಮಾನಿಟರ್ ಪೆಟ್ಟಿಗೆ ಹೇರಿದ ಕೈಗಾಡಿ ಒಂದು ಕಡೆ, ಹಿಂದಿನಿಂದ ಹಾರನ್ ಬಾರಿಸುವ ಸ್ಕೂಟರ್ ಇನ್ನೊಂದು ಕಡೆ. ಮೊದಲ ಅಂಗಡಿಯವರು ನನ್ನ ಪವರ್ ಸಪ್ಲೈ 450 ವ್ಯಾಟ್ ಎಂದು ಕೇಳಿದ್ದೇ ತಡ, "ಸಾಲುವುದಿಲ್ಲ ಸಾರ್, ಸುಟ್ಟುಹೋಗುತ್ತದೆ" ಎಂದು 750 ವ್ಯಾಟಿನದನ್ನು ಮೇಜಿನ ಮೇಲಿಟ್ಟರು. ಜೊತೆಗೆ ಯಾರೋ ಬಳಸಿದ ಆರ್‌ಟಿಎಕ್ಸ್ 3060, 17 ಸಾವಿರಕ್ಕೆ. ಆಸೆಯಾಯಿತು. ಅದರಲ್ಲಿ 12 ಜಿಬಿ ಮೆಮೊರಿ ಇದೆ, ಹೊಸ 4060ರಲ್ಲಿ 8 ಮಾತ್ರ. ಆದರೆ 2022ರ ಸೆಪ್ಟೆಂಬರಿನಲ್ಲಿ ಇಂಥ ಕಾರ್ಡುಗಳಿಂದ ಎಥೀರಿಯಂ ಎಂಬ ಡಿಜಿಟಲ್ ನಾಣ್ಯ ಗಳಿಸುವ ಗಣಿಗಾರಿಕೆ ನಿಂತ ಮೇಲೆ ಹಗಲು ರಾತ್ರಿ ದುಡಿದ ಕಾರ್ಡುಗಳು ರಾಶಿ ರಾಶಿಯಾಗಿ ಮಾರುಕಟ್ಟೆಗೆ ಬಂದವು. ಇದು ಆ ಗಣಿಯದೋ, ನನ್ನಂಥ ಮೇಷ್ಟ್ರ ಮನೆಯದೋ ಎಂದು ಅದರ ಮುಖ ನೋಡಿ ಹೇಳಲಾಗುವುದಿಲ್ಲ. ವಾರಂಟಿ ಕೇಳಿದರೆ "ಮೂರು ದಿನ ಓಡಿಸಿ ನೋಡಿ" ಎಂದರು.

ನಿಜವಾಗಿ ನನ್ನ ಕೈ ಹಿಡಿದು ನಿಲ್ಲಿಸಿದ್ದು ಮನೆಯ ಯುಪಿಎಸ್. ನಮ್ಮ ಬೀದಿಯಲ್ಲಿ ಕರೆಂಟು ಹೇಳಿ ಹೋಗುವುದಿಲ್ಲ. ಮೇಜಿನ ಕೆಳಗಿನ ಯುಪಿಎಸ್ ಮೇಲೆ ದಪ್ಪಕ್ಷರದಲ್ಲಿ 600 ವಿಎ ಎಂದಿದೆ, ಹಿಂಬದಿಯ ಚೀಟಿಯಲ್ಲಿ ಸಣ್ಣಕ್ಷರದಲ್ಲಿ 360 ವ್ಯಾಟ್ ಎಂದಿದೆ. ನಂಬಬೇಕಾದದ್ದು ಸಣ್ಣಕ್ಷರವನ್ನು. ರೈಲಿನಲ್ಲೇ ಚೀಟಿಯೊಂದರಲ್ಲಿ ಕೂಡಿಸಿಟ್ಟಿದ್ದೆ: ಪ್ರೊಸೆಸರಿಗೆ ಜೋರಾಗಿ ದುಡಿದಾಗ 90 ವ್ಯಾಟ್, ಬೋರ್ಡು, ಡಿಸ್ಕು, ಫ್ಯಾನುಗಳಿಗೆ 40, ಮಾನಿಟರಿಗೆ 25. ಇದಕ್ಕೆ 3060ರ 170 ಸೇರಿದರೆ 325. ಪವರ್ ಸಪ್ಲೈಯಲ್ಲಿ ಬಿಸಿಯಾಗಿ ಪೋಲಾಗುವುದನ್ನೂ ಸೇರಿಸಿದರೆ ಯುಪಿಎಸ್ ಕೂಗಿ ಕೈಚೆಲ್ಲುವುದು ಖಂಡಿತ. 4060ಕ್ಕೆ 115 ಸಾಕು. ಮೊತ್ತ 270. ಕಾರ್ಡಿನ ಪೆಟ್ಟಿಗೆಯ ಮೇಲೆ 550 ವ್ಯಾಟ್ ಪವರ್ ಸಪ್ಲೈ ಬೇಕೆಂದಿರುವುದು ನಿಜ. ಅದು ಎಲ್ಲರ ಯಂತ್ರವನ್ನೂ, ಕಳಪೆ ಸಪ್ಲೈಗಳನ್ನೂ ನೆನೆದು ಬರೆದ ಮಾತು. ನನ್ನದು ಒಳ್ಳೆಯ ದರ್ಜೆಯ 450, ಹೊಟ್ಟೆಬಾಕ ಪ್ರೊಸೆಸರೂ ಇಲ್ಲ. ಮೂರನೆಯ ಅಂಗಡಿಯಲ್ಲಿ ವಯಸ್ಸಾದ ಮಾಲೀಕರು ನನ್ನ ಚೀಟಿ ನೋಡಿ, ಪೆನ್ನಿನಿಂದ ಎರಡು ಕಡೆ ತಟ್ಟಿ, "ಸರಿಯಿದೆ, ಹಾಕಿ" ಎಂದರು. ಎರಡು ಫ್ಯಾನಿನ 4060, ಜಿಎಸ್‌ಟಿ ಬಿಲ್ಲು, ಮೂರು ವರ್ಷದ ವಾರಂಟಿ ಸೇರಿ ₹28,500. ಹೊಸ ಸಾಲಿನ ಕಾರ್ಡುಗಳು ಬರುತ್ತಿವೆ, ಕಾಯಬಹುದು ಎಂದೂ ಅವರೇ ಹೇಳಿದರು. ಮಾರುವವರ ಬಾಯಲ್ಲಿ ಈ ಮಾತು ಬಂದದ್ದರಿಂದಲೇ ಅವರಲ್ಲಿ ಕೊಂಡೆ.

ಜೋಡಿಸಿದ್ದು ಮನೆಯಲ್ಲಿ, ನಾನೇ. ಹೊರಡುವ ಮುಂಚೆ ಹೆಂಡತಿಯ ಹೊಲಿಗೆಯ ಟೇಪಿನಲ್ಲಿ ಕ್ಯಾಬಿನೆಟ್ ಒಳಗನ್ನು ಅಳೆದಿದ್ದೆ. 24 ಸೆಂಟಿಮೀಟರಿನ ಕಾರ್ಡು ಕೂತು ಎರಡು ಬೆರಳು ಜಾಗ ಉಳಿಯಿತು. 1650 ಸ್ಲಾಟಿನಿಂದಲೇ ಕರೆಂಟು ಕುಡಿಯುತ್ತಿತ್ತು, ಅದಕ್ಕೆ ವೈರು ಬೇಕಿರಲಿಲ್ಲ. ಇದಕ್ಕೆ ಎಂಟು ಪಿನ್ನಿನ ವೈರು ಬೇಕು. ಕ್ಯಾಬಿನೆಟ್ಟಿನ ಹಿಂಬದಿ ತೆಗೆದರೆ ಆ ವೈರು 2019ರಲ್ಲಿ ಬಿಗಿದ ಪ್ಲಾಸ್ಟಿಕ್ ಪಟ್ಟಿಯಲ್ಲೇ ಮಡಚಿಕೊಂಡು, ಧೂಳು ಹೊದ್ದು ಮಲಗಿತ್ತು. ಆರು ಪಿನ್ನಿನ ತಲೆ, ಪಕ್ಕದಲ್ಲಿ ಜೋತುಬಿದ್ದ ಎರಡು ಪಿನ್ನಿನ ಮರಿ. ಎರಡನ್ನೂ ಜೋಡಿಸಿ ಒತ್ತಿದಾಗ 'ಟಕ್' ಎಂದು ಕೂತ ಸದ್ದು ಕೇಳಿದ ಮೇಲೇ ಉಸಿರು ಬಿಟ್ಟದ್ದು.

ಸೈಬರ್‌ಪಂಕ್ 'ಹೈ' ಗುಣಮಟ್ಟದಲ್ಲಿ 70ರ ಆಸುಪಾಸು ಓಡಿತು. ಆಟದ ಮಾರುಕಟ್ಟೆಯಲ್ಲಿ 52. ಅಲ್ಲಿ ಕಾರ್ಡ್ ಅರೆನಿದ್ದೆಯಲ್ಲಿರುತ್ತದೆ, ಬೆವರುವುದು ಪ್ರೊಸೆಸರ್. ಹಾಗಾಗಿ ಚಿಕ್ಕ ಚಿತ್ರ ಬಿಡಿಸಿ ಹಿಗ್ಗಿಸುವ ಡಿಎಲ್‌ಎಸ್‌ಎಸ್ ಹಾಕಿ ರೆಸಲ್ಯೂಶನ್ ಭಾರ ಇಳಿಸಿದರೂ ಅಲ್ಲಿ ಲಾಭವಿಲ್ಲ. ನಡುನಡುವೆ ತಾನೇ ಫ್ರೇಮ್ ಹೆಣೆದು ಸೇರಿಸುವ ಫ್ರೇಮ್ ಜನರೇಶನ್ ಹಾಕಿದರೆ ಸಂಖ್ಯೆ ಏರುತ್ತದೆ, ಮೌಸಿನ ಚುರುಕು ಮಾತ್ರ ಹಳೆಯದೇ. ರೇ ಟ್ರೇಸಿಂಗ್ ಪೂರ್ತಿ ಏರಿಸಿದರೆ 8 ಜಿಬಿ ತುಂಬಿ ಚಿತ್ರ ಗಕ್ಕಗಕ್ಕನೆ ನಿಲ್ಲುತ್ತದೆ. ಮಳೆ ನಿಂತ ರಸ್ತೆಯಲ್ಲಿ ಜಾಹೀರಾತು ಫಲಕದ ಗುಲಾಬಿ ಬೆಳಕು ಕದಲುವುದನ್ನು ಒಮ್ಮೆ ನೋಡಿ, ಹೊಗಳಿ, ಆರಿಸಿದೆ.

ಇನ್ನೊಂದು ಸಂಗತಿಯನ್ನು ಅಂಗಡಿಗಳಲ್ಲಿ ಯಾರೂ ಹೇಳಲಿಲ್ಲ. 4060ರ ಅಂಚು ನೋಡಲು ಪೂರ್ತಿ ಉದ್ದವಿದ್ದರೂ ಬೋರ್ಡಿನೊಡನೆ ಮಾಹಿತಿ ಹರಿಸಲು ಅದು ಬಳಸುವುದು ಹದಿನಾರರಲ್ಲಿ ಎಂಟೇ ದಾರಿಗಳನ್ನು. ಹೊಸ ಬೋರ್ಡುಗಳಲ್ಲಿ ಪಿಸಿಐಇ ಎಂಬ ಈ ದಾರಿಯ 4.0 ಆವೃತ್ತಿ ಇರುವುದರಿಂದ ಗೊತ್ತಾಗುವುದಿಲ್ಲ. ನನ್ನ ಬಿ450ಯಲ್ಲಿ 3.0, ವೇಗ ಅರ್ಧ. ಸಾಮಾನ್ಯ ಹೊತ್ತಿನಲ್ಲಿ ನಷ್ಟ ಅಲ್ಪ; ಮೆಮೊರಿ ತುಂಬಿದಾಗ ಪೆಟ್ಟು ಜೋರು. ಟೆಕ್ಸ್ಚರನ್ನು, ಅಂದರೆ ವಸ್ತುಗಳ ಮೇಲ್ಮೈ ಚಿತ್ರದ ಮಟ್ಟವನ್ನು, ಒಂದು ಮೆಟ್ಟಿಲು ಕೆಳಗಿಟ್ಟುಕೊಂಡಿದ್ದೇನೆ.

ಮೇ ತಿಂಗಳಲ್ಲಿ ಹೊಸ ಸಾಲಿನ 5060 ಬಂತು. ಅಕ್ಕನ ಮಗ ಫೋನು ಮಾಡಿ, "ಕಾದಿದ್ದರೆ ಚೆನ್ನಾಗಿತ್ತು ಮಾಮ" ಎಂದ. ಅದೂ 8 ಜಿಬಿ, ಅದೂ ಎಂಟೇ ದಾರಿ, ಕರೆಂಟು 145 ವ್ಯಾಟ್. ವೇಗ ಹೆಚ್ಚು ಎನ್ನುವುದನ್ನು ಒಪ್ಪುತ್ತೇನೆ, ಆದರೆ ನನ್ನ ಪ್ರೊಸೆಸರ್ ಅದಕ್ಕೆ ತಕ್ಕಷ್ಟು ಉಣಬಡಿಸಲಾರದು. ಇದೇ ಬೋರ್ಡಿಗೆ ಅದರ ಒಳತಂತ್ರಾಂಶವಾದ ಬಯೋಸ್ ಹೊಸದು ಮಾಡಿ ರೈಜೆನ್ 5 5600 ಕೂರಿಸಬಹುದು. ಅದರ ಮಾತು ದಸರಾ ರಜೆಗೆ.

ಎಲ್ಲ ಮುಗಿದ ಮೇಲೆ ಹೊಳೆದದ್ದು: ನನ್ನ ಮಾನಿಟರ್ 60 ಹರ್ಟ್ಸಿನದು. ಸೆಕೆಂಡಿಗೆ 60ಕ್ಕಿಂತ ಹೆಚ್ಚು ಚಿತ್ರ ಅದು ತೋರಿಸುವುದೇ ಇಲ್ಲ. ಈಗ ಡ್ರೈವರಿನಲ್ಲೇ 60ಕ್ಕೆ ಕಟ್ಟಿಹಾಕಿದ್ದೇನೆ. ಕಾರ್ಡು ಬೆಚ್ಚಗೂ ಆಗುವುದಿಲ್ಲ, ಫ್ಯಾನಿನ ಸದ್ದು ಪಕ್ಕದ ಕೋಣೆಯ ಮಕ್ಕಳಿಗೆ ಕೇಳುವುದಿಲ್ಲ. ಹೋದ ವಾರ ಹತ್ತೂ ನಲವತ್ತಕ್ಕೆ ಕರೆಂಟು ಹೋಯಿತು. ಯುಪಿಎಸ್ ಕೂಗತೊಡಗಿತು. ಕೈಯಲ್ಲಿದ್ದ ಕಾಳಗ ಮುಗಿಸಿ, ಸೇವ್ ಮಾಡಿ, ಯಂತ್ರ ಆರಿಸಿ ಎದ್ದ ಮೇಲೂ ಯುಪಿಎಸ್ಸಿನ ಹಸಿರು ದೀಪ ಉರಿಯುತ್ತಲೇ ಇತ್ತು.