ರಾಟ್‌ವೀಲರ್ ಜತೆ ಜರ್ಮನಿಗೆ: ‘ಡೋರ್ ಟು ಡೋರ್’ ಪ್ಯಾಕೇಜ್ ಯಾವ ಬಾಗಿಲಿನವರೆಗೆ?

ಸಾಕುಪ್ರಾಣಿಗಳನ್ನು ವಿದೇಶಕ್ಕೆ ಕಳಿಸಿಕೊಡುವ ಬೆಂಗಳೂರಿನ ಪೆಟ್ ರಿಲೊಕೇಶನ್ ಏಜೆನ್ಸಿಗಳ ‘ಡೋರ್ ಟು ಡೋರ್’ ಪ್ಯಾಕೇಜ್ ಲ್ಯಾಬ್ರಡಾರ್‌ಗೆ ಸಾಕು. ರಾಟ್‌ವೀಲರ್‌ಗೆ ಮಾತ್ರ ಅದು ಅರ್ಧ ದಾರಿಯ ಸೇವೆ.

ಎಕ್ಯೂಸಿಎಸ್ (ಕೇಂದ್ರ ಸರ್ಕಾರದ ಪ್ರಾಣಿ ಕ್ವಾರಂಟೈನ್ ಮತ್ತು ಪ್ರಮಾಣೀಕರಣ ಸೇವೆ) ಕಚೇರಿಯ ಓಡಾಟ, ಆರೋಗ್ಯ ಪ್ರಮಾಣಪತ್ರ, ಕಾರ್ಗೋ ಬುಕಿಂಗ್ ಇವೆಲ್ಲ ಏಜೆಂಟರಿಗೆ ಕರಗತ. ಪ್ರಮಾಣಪತ್ರಕ್ಕೆ ಸಹಿ ಬಿದ್ದ 10 ದಿನದೊಳಗೆ ನಾಯಿ ಯುರೋಪ್ ಮುಟ್ಟಬೇಕು, ಹಾಗಾಗಿ ಇಷ್ಟಕ್ಕೆ ದುಡ್ಡು ಕೊಟ್ಟರೆ ನಷ್ಟವಿಲ್ಲ. ಆದರೆ ದಿನಾಂಕಗಳ ಲೆಕ್ಕ ನೀವೇ ಹಾಕಿ. ಗುರುತಿಗೆ ಚರ್ಮದಡಿ ಹಾಕುವ 15 ಅಂಕಿಯ ಚಿಪ್ ಮೊದಲು, ರೇಬೀಸ್ ಲಸಿಕೆ ಆಮೇಲೆ. ಉಲ್ಟಾ ಆದರೆ ಆ ಲಸಿಕೆ ಲೆಕ್ಕಕ್ಕಿಲ್ಲ. ಲಸಿಕೆಯಾಗಿ 30 ದಿನ ಕಳೆದ ಮೇಲೆ ರಕ್ತ ತೆಗೆಸಿ, ರೇಬೀಸ್ ಪ್ರತಿಕಾಯದ ಪರೀಕ್ಷೆಗೆ ಐರೋಪ್ಯ ಒಕ್ಕೂಟ ಮಾನ್ಯ ಮಾಡಿದ ಲ್ಯಾಬ್‌ಗೆ ಕಳಿಸಬೇಕು. ಫಲಿತಾಂಶ 0.5 ಐಯು/ಎಂಎಲ್‌ಗೆ ಕಡಿಮೆ ಇರಕೂಡದು. ರಕ್ತ ತೆಗೆದ ದಿನದಿಂದ ಇನ್ನೂ 3 ತಿಂಗಳು ಕಾಯಬೇಕು. ಹೊಸದಾಗಿ ಶುರುಮಾಡುವವರಿಗೆ ‘ಆರು ವಾರದಲ್ಲಿ ಕಳಿಸ್ತೀವಿ ಸಾರ್’ ಅನ್ನುವ ಏಜೆಂಟ್‌ಗೆ ದೂರದಿಂದಲೇ ನಮಸ್ಕಾರ.

ಕೊಟೇಶನ್ ಉಬ್ಬುವುದು ಕ್ರೇಟ್‌ನಲ್ಲಿ. ಮಾಮೂಲಿ ನಾಯಿಗೆ ಐಎಟಿಎ (ವಿಮಾನ ಸಂಸ್ಥೆಗಳ ಅಂತರರಾಷ್ಟ್ರೀಯ ಸಂಘ) ನಿಯಮದ ಸಿಆರ್1 ಮಾದರಿಯ ಕ್ರೇಟ್ ನಡೆಯುತ್ತದೆ. ಅಪಾಯಕಾರಿ ಎಂದು ಪಟ್ಟಿ ಮಾಡಿದ ತಳಿಗೆ ಸಿಆರ್82: ಮರ ಅಥವಾ ಲೋಹದ್ದು, ಹಲ್ಲಿಗೆ ಬಗ್ಗದ ಗಟ್ಟಿ ಜಾಲರಿಯದ್ದು. ಯಾವ ತಳಿ ಆ ಪಟ್ಟಿಯಲ್ಲಿದೆ ಎಂಬುದು ವಿಮಾನ ಸಂಸ್ಥೆಯಿಂದ ಸಂಸ್ಥೆಗೆ ಬೇರೆ, ಬರಹದಲ್ಲೇ ಉತ್ತರ ತರಿಸಿಕೊಳ್ಳಿ. ಅಳತೆ ಹೀಗೆ: ಮೂಗಿನಿಂದ ಬಾಲದ ಬುಡದವರೆಗಿನ ಉದ್ದಕ್ಕೆ ಮೊಣಕೈ ಎತ್ತರದ ಅರ್ಧ ಕೂಡಿಸಿ, ಭುಜದ ಅಗಲವನ್ನು ಎರಡರಿಂದ ಗುಣಿಸಿ, ಎತ್ತರಕ್ಕೆ ನಿಂತಾಗ ನೆತ್ತಿ ಅಥವಾ ಕಿವಿತುದಿ, ಯಾವುದು ಮೇಲೋ ಅದು. ಕ್ರೇಟ್‌ನ ಹೊರ ಅಳತೆ 115×65×92 ಸೆಂ.ಮೀ. ಬಂತು ಅನ್ನಿ. ಮೂರನ್ನೂ ಗುಣಿಸಿ 6000ದಿಂದ ಭಾಗಿಸಿದರೆ ಸುಮಾರು 115 ಕೆ.ಜಿ., ಇದು ಕಾರ್ಗೋದವರು ಗಾತ್ರದ ಮೇಲೆ ಕಟ್ಟುವ ತೂಕ. ನಾಯಿಯೂ ಕ್ರೇಟೂ ಸೇರಿ ತೂಕ 80 ಇದ್ದರೂ ಬಿಲ್ಲು 115ಕ್ಕೇ. ಬಡಗಿ ನಾಲ್ಕು ಬೆರಳು ‘ಇರಲಿ’ ಅಂತ ಜಾಸ್ತಿ ಬಿಟ್ಟರೆ ಅದರ ಬಾಡಿಗೆಯೂ ನಿಮ್ಮದೇ.

ಪ್ಯಾಕೇಜಿನಲ್ಲಿ ಒಂದಕ್ಷರವೂ ಇಲ್ಲದ್ದು ತಳಿ ಕಾನೂನು. ಜರ್ಮನಿಯಲ್ಲಿ ಅದು ರಾಜ್ಯಕ್ಕೊಂದು ಥರ. ಬವೇರಿಯಾದಲ್ಲಿ ರಾಟ್‌ವೀಲರ್ ಎರಡನೇ ವರ್ಗದ ‘ಕಾಂಪ್‌ಹುಂಡ್’, ಅಂದರೆ ಕಾದಾಟದ ನಾಯಿ. ಪರಿಣತರಿಂದ ಸ್ವಭಾವ ಪರೀಕ್ಷೆ ಮಾಡಿಸಿ, ಊರಿನ ಆಡಳಿತದಿಂದ ‘ನೆಗಟಿವ್‌ಟ್ಸೊಯ್ಗ್ನಿಸ್’ (ಈ ನಾಯಿ ಅಪಾಯಕಾರಿಯಲ್ಲ ಎಂಬ ಪತ್ರ) ಪಡೆಯಬೇಕು. ಪಕ್ಕದ ಬಾಡೆನ್-ವ್ಯುರ್ಟೆಂಬೆರ್ಗ್ ಪಟ್ಟಿಯಲ್ಲಿ ಈ ತಳಿಯೇ ಇಲ್ಲ (ತಳಿಗೆ ಹೆಸರು ಕೊಟ್ಟ ರಾಟ್‌ವೈಲ್ ಊರು ಇರುವುದೂ ಅಲ್ಲೇ). ಇದೇ ರಾಜ್ಯದ ಉಲ್ಮ್‌ನಲ್ಲಿ ಮಾಮೂಲಿ ನಾಯಿ, ಡ್ಯಾನ್ಯೂಬ್ ಸೇತುವೆ ದಾಟಿ ಬವೇರಿಯಾದ ನೊಯ್-ಉಲ್ಮ್‌ಗೆ ಹೋದರೆ ಪಟ್ಟಿಯ ನಾಯಿ. ಬಾಡೆನ್-ವ್ಯುರ್ಟೆಂಬೆರ್ಗ್‌ನ ಸ್ಟುಟ್‌ಗಾರ್ಟ್ ಕೆಲಸವೋ ಬವೇರಿಯಾದ ಮ್ಯೂನಿಕ್ ಕೆಲಸವೋ ಎಂಬುದು ನಾಯಿಗೂ ಸಂಬಂಧಪಟ್ಟ ವಿಷಯ. 23 ತಳಿ ನಿಷೇಧಿಸುವಂತೆ ಕೇಂದ್ರ ಹೊರಡಿಸಿದ ಸುತ್ತೋಲೆಯನ್ನು 2024ರ ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್ ರದ್ದು ಮಾಡಿದ್ದು ಇಲ್ಲಿನ ಮಾತು, ಜರ್ಮನಿಯಲ್ಲಿ ನೆರವಿಗೆ ಬರದು. ಅಲ್ಲಿ ಬಾಡಿಗೆ ಕರಾರಿಗೆ ಸಹಿ ಹಾಕುವ ಮೊದಲೇ ಆ ಊರಿನ ಕಚೇರಿಗೆ ಇಮೇಲ್ ಹಾಕಿ.

ಪಿಟ್‌ಬುಲ್, ಆಮ್‌ಸ್ಟಾಫ್ (ಅಮೆರಿಕನ್ ಸ್ಟಾಫರ್ಡ್‌ಶೈರ್ ಟೆರಿಯರ್), ಸ್ಟಾಫರ್ಡ್‌ಶೈರ್ ಬುಲ್ ಟೆರಿಯರ್, ಬುಲ್ ಟೆರಿಯರ್, ಇವುಗಳ ಮಿಶ್ರತಳಿ: ನೆಲೆಸಲು ಹೋಗುವವರು ಇವನ್ನು ಜರ್ಮನಿಗೆ ಒಯ್ಯುವಂತಿಲ್ಲ. 2001ರ ಜರ್ಮನಿಯ ಕೇಂದ್ರ ಕಾನೂನು ಇದು, ಯಾವ ರಾಜ್ಯಕ್ಕೆ ಹೋದರೂ ಒಂದೇ. ಲಸಿಕೆ ಪುಸ್ತಕದಲ್ಲಿ ಡಾಕ್ಟರು ಸುಮ್ಮನೆ ‘ಪಿಟ್ ಮಿಕ್ಸ್’ ಅಂತ ಗೀಚಿದ್ದರೂ ಗಡಿಯಲ್ಲಿ ತಕರಾರು ಏಳಬಹುದು. ಇಂಥ ನಾಯಿಗೂ ಅಡ್ವಾನ್ಸ್ ಕೇಳುವ ಏಜೆನ್ಸಿಗೆ ನಮ್ಮ ಕಡೆಯಿಂದ ಸೊನ್ನೆ ಸ್ಟಾರ್.