ಮ್ಯಾಗ್ನೆಟ್ ಬ್ರೇಸ್‌ಲೆಟ್, ಜಯನಗರ 4ನೇ ಬ್ಲಾಕ್: 2 ಸ್ಟಾರ್

ನಮ್ಮತ್ತೆ ತಗೊಂಡ್ರು, 1,500 ರೂಪಾಯಿ. ನೋಡೋಕೆ ಚೆನ್ನಾಗಿದೆ, ಪಾಲಿಶ್ ಹೋಗಿಲ್ಲ, ಕೊಂಡಿ ಗಟ್ಟಿ, ಆ 2 ಸ್ಟಾರ್ ಅದಕ್ಕೇ. ಆದ್ರೆ ಅಂಗಡಿಯವ್ರು "ರಕ್ತದಲ್ಲಿ ಕಬ್ಬಿಣ ಇದ್ಯಲ್ಲಮ್ಮಾ, ಮ್ಯಾಗ್ನೆಟ್ ಎಳಿಯತ್ತೆ, ಸರ್ಕ್ಯುಲೇಶನ್ ಜಾಸ್ತಿ ಆಗತ್ತೆ" ಅಂದಿದ್ದು ಮಾತ್ರ ಪೂರ್ತಿ ರೀಲು. ರಕ್ತದಲ್ಲಿ ಆಕ್ಸಿಜನ್ ಹೊರೋ ಹಿಮೋಗ್ಲೋಬಿನ್ ಅನ್ನೋ ಪ್ರೋಟೀನ್‌ನಲ್ಲಿರೋ ಕಬ್ಬಿಣ ಮೊಳೆ ಥರ ಅಲ್ಲ ಸ್ವಾಮಿ, ಅದರ ಪರಮಾಣುಗಳು ಬಿಡಿಬಿಡಿಯಾಗಿ ಆ ಪ್ರೋಟೀನ್ ಒಳಗೆ ಕೂತಿರತ್ವೆ. 1936ರಲ್ಲೇ ಪಾಲಿಂಗ್, ಕೊರಿಯೆಲ್ ಅನ್ನೋ ವಿಜ್ಞಾನಿಗಳು ಅಳೆದು ತೋರಿಸಿದಾರೆ, ಆಕ್ಸಿಜನ್ ಹಿಡ್ಕೊಂಡಿರೋ ಹಿಮೋಗ್ಲೋಬಿನ್ನ ಮ್ಯಾಗ್ನೆಟ್ ಎಳಿಯೋದಿರ್ಲಿ, ಚೂರು ದೂರನೇ ತಳ್ಳತ್ತೆ, ಆಕ್ಸಿಜನ್ ಬಿಟ್ಟಿರೋದು ಚೂರು ಎಳ್ಸ್ಕೊಳತ್ತೆ, ಎರಡೂ ತೀರಾ ಕಮ್ಮಿ. ಮೆದುಳಿನ ಯಾವ ಭಾಗ ಕೆಲಸ ಮಾಡ್ತಿದೆ ಅಂತ ಫಂಕ್ಷನಲ್ ಎಂಆರ್‌ಐನಲ್ಲಿ ನೋಡೋದು ಈ ವ್ಯತ್ಯಾಸದಿಂದಾನೇ, ಚೆಂದ ಅಲ್ವಾ! ಆಸ್ಪತ್ರೆ ಎಂಆರ್‌ಐ ಮಷೀನು ಸಾಮಾನ್ಯವಾಗಿ 1.5 ಇಲ್ಲಾ 3 ಟೆಸ್ಲಾ (ಮ್ಯಾಗ್ನೆಟ್ ಎಷ್ಟು ಜೋರು ಅಂತ ಅಳೆಯೋ ಮಾನ) ಇರತ್ತೆ, ಅಷ್ಟು ಜೋರು ಮ್ಯಾಗ್ನೆಟ್, ಅದ್ರೊಳಗೆ ಅರ್ಧ ಗಂಟೆ ಮಲಗಿದ್ರೂ ರಕ್ತ ಒಂದ್ಕಡೆ ಎಳ್ಕೊಂಡು ಹೋಗಲ್ಲ, ಇನ್ನು ಈ ಬ್ರೇಸ್‌ಲೆಟ್ ಮಣಿ ಏನ್ ಮಾಡತ್ತೆ. ಅತ್ತೆಗೆ ಕೈ ಜೋಮು ಹಿಡಿಯೋದು ಹಾಗೇ ಇದೆ.

ಬಾಕ್ಸ್ ಮೇಲೆ ಒಂದು ಎಚ್ಚರಿಕೆನೂ ಇಲ್ಲ, ಅದು ನಂಗೆ ಜಾಸ್ತಿ ಸಿಟ್ಟು ಬಂದಿದ್ದು. ಪೇಸ್‌ಮೇಕರ್ ಇರೋರು ಮ್ಯಾಗ್ನೆಟ್ ಎದೆ ಹತ್ರ ತರಬೇಡಿ, ಡಾಕ್ಟರ್‌ನ ಕೇಳಿ.